ಕಂಕನಾಡಿಯ ಫಾದರ್ ಮುಲ್ಲರ್

ನಮ್ಮ ಕಾಸರಗೋಡು ಸೀಮೆಯಲ್ಲಿ ಯಾರಿಗಾದರೂ ಕಾಯಿಲೆ ಬಿಗಡಾಯಿಸಿತೆಂದರೆ ಕಂಕನಾಡಿಗೆ ಕರೆದೊಯ್ಯುವುದು ಅಜ್ಜಂದಿರ ಕಾಲದಿಂದ ಬಂದ ರೂಢಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ ಮುಂತಾದ ಕಡೆಗಳ ಮನೆಗಳಲ್ಲಿ ಆ ಊರಿನ ಹೆಸರು ಕೇಳದವರಿಲ್ಲ. ಆಸ್ಪತ್ರೆಯ ಹೆಸರು ನಮಗೆಲ್ಲ ಗೊತ್ತು. ಆದರೆ ಆ ಹೆಸರನ್ನು ಹೊತ್ತಿದ್ದ ಮನುಷ್ಯ ಯಾರು, ಎಲ್ಲಿಂದ ಬಂದರು, ಏನು ಮಾಡಿದರು ಎಂಬುದು ಬಲ್ಲವರು ಕಡಿಮೆ. ದೂರದ ಜರ್ಮನಿಯಲ್ಲಿ ಹುಟ್ಟಿ, ನಮ್ಮ ಕರಾವಳಿಯ ರೋಗಿಗಳ ನಡುವೆ ಬದುಕಿ, ಇಲ್ಲಿಯೇ ಕಣ್ಮುಚ್ಚಿದ ಆ ಮಹನೀಯರ ಜೀವನವನ್ನು ಓದುಗರ ಮುಂದಿಡಲು ನಾವು ಇಲ್ಲಿ ಪ್ರಯತ್ನಿಸಿದ್ದೇವೆ.

ಆಗಸ್ಟಸ್ ಮುಲ್ಲರ್ ಅವರು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ದೊಡ್ಡವರಾದ ಮೇಲೆ ಯೇಸುಸಭೆಯನ್ನು ಸೇರಿ ಪಾದ್ರಿಗಳಾದರು. 1878ರ ಡಿಸೆಂಬರ್ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಪಾದ್ರಿಗಳ ತಂಡದೊಡನೆ ಅವರೂ ಈ ನಾಡಿಗೆ ಬಂದರು. ಆ ತಂಡದವರು 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಫಾದರ್ ಮುಲ್ಲರ್ ಅಧ್ಯಾಪಕರಾದರು. ಹೀಗೆ ವೈದ್ಯರೆಂದು ನಾವು ನೆನೆಯುವ ಇವರು ಮೊದಲಿಗೆ ನಮ್ಮ ಮೇಷ್ಟರುಗಳಂತೆ ಒಬ್ಬ ಮೇಷ್ಟರು.

ಅಂದಿನ ನಮ್ಮ ಜಿಲ್ಲೆಯ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರವರೆಗೂ ಹಾಗೆಯೇ ಇತ್ತು. ನಮ್ಮವರಿಗೂ ಜಿಲ್ಲೆಯ ಪಟ್ಟಣವೆಂದರೆ ಮಂಗಳೂರೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕಿಂತ ಮೊದಲು ನಮ್ಮ ಕಡೆಯ ರೋಗಿಯೊಬ್ಬ ಅಲ್ಲಿಗೆ ಹೋಗಬೇಕಾದರೆ ಎತ್ತಿನ ಗಾಡಿಯನ್ನೋ ಹೆಗಲ ಮೇಲಿನ ಮಂಚವನ್ನೋ ನೆಚ್ಚಬೇಕಿತ್ತು. ದಾರಿಯ ಹೊಳೆಗಳನ್ನೂ ಕೊನೆಗೆ ನೇತ್ರಾವತಿಯನ್ನೂ ದೋಣಿಯಲ್ಲಿ ದಾಟಬೇಕಿತ್ತು. ಹೆಚ್ಚಿನವರು ಹೋಗುತ್ತಲೇ ಇರಲಿಲ್ಲ. ಊರಿನ ಪಂಡಿತರು ಕೊಟ್ಟ ಬೇರು ಕಷಾಯ, ಮನೆಯ ಹಿರಿಯರಿಗೆ ಗೊತ್ತಿದ್ದ ಮದ್ದು, ಅದಕ್ಕೂ ಜಗ್ಗದಿದ್ದರೆ ಹರಕೆ, ಮಂತ್ರ, ತಾಯಿತ, ಇಷ್ಟೇ ಆಸರೆ. ಪಂಡಿತರಲ್ಲಿ ಸಮರ್ಥರು ಇದ್ದರು, ಅವರ ಮದ್ದುಗಳಲ್ಲಿ ಗುಣವೂ ಇತ್ತು. ಆದರೆ ಸಾಂಕ್ರಾಮಿಕ ರೋಗಗಳ ಮುಂದೆ ಎಲ್ಲರೂ ಕೈಚೆಲ್ಲುತ್ತಿದ್ದರು.

ಪಾಶ್ಚಾತ್ಯ ವೈದ್ಯವೂ ಆಗ ಇಂದಿನಂತೆ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ವೈದ್ಯರು ಬಹುಕಾಲ ರೋಗಿಯ ರಕ್ತ ಹರಿಸುವುದು, ಪಾದರಸ ಬೆರೆತ ಮದ್ದು ಕೊಡುವುದು, ಬಲವಾಗಿ ಭೇದಿ ಮಾಡಿಸುವುದು ಇಂಥ ಚಿಕಿತ್ಸೆಗಳನ್ನೇ ನಂಬಿದ್ದರು. ಈ ಕಠಿಣ ಕ್ರಮಗಳಿಗೆ ಬೇಸತ್ತು ಜರ್ಮನಿಯ ಹಾನಿಮನ್ ಎಂಬ ವೈದ್ಯರು ಹೋಮಿಯೋಪತಿ ಪದ್ಧತಿಯನ್ನು ರೂಪಿಸಿದ್ದರು. ಮುಲ್ಲರ್ ಅವರಿಗೆ ತಿಳಿದಿದ್ದುದು ಆ ಪದ್ಧತಿ. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ತಮ್ಮ ಕೋಣೆಯಿಂದ ಸಕ್ಕರೆಯ ಸಣ್ಣ ಗುಳಿಗೆಗಳನ್ನು ಕೊಡುತ್ತಿದ್ದ ಅವರ ಬಳಿಗೆ ಹೊರಗಿನ ಬಡವರೂ ಬರತೊಡಗಿದರು. 1880ರಲ್ಲಿಯೇ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವೊಂದು ಹುಟ್ಟಿಕೊಂಡಿತು. ಕಂಕನಾಡಿಯಲ್ಲಿ ಅವರು ಆಲದ ಮರದ ಕೆಳಗೆ ಕುಳಿತು ಮದ್ದು ಹಂಚುತ್ತಿದ್ದರೆಂದು ಮಂಗಳೂರಿನವರು ಇಂದಿಗೂ ಹೇಳುತ್ತಾರೆ.

ಬಡವರಿಗೆ ಉಚಿತವಾಗಿ ಮದ್ದು ಕೊಡಬೇಕಾದರೆ ಹಣ ಎಲ್ಲಿಂದ ಬರಬೇಕು? ಇದಕ್ಕೆ ಅವರು ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು. ವಿದೇಶದಿಂದ ಔಷಧಗಳನ್ನು ತರಿಸಿ, ಇಲ್ಲಿಯೂ ತಯಾರಿಸಿ, ಯಾವ ರೋಗಕ್ಕೆ ಯಾವ ಮದ್ದೆಂದು ತಿಳಿಸುವ ಪುಸ್ತಕಗಳನ್ನು ಬರೆದು, ಭಾರತದ ನಾನಾ ಭಾಗಗಳಿಗೆ ಅಂಚೆಯ ಮೂಲಕ ಮಾರಿದರು. ಕೊಳ್ಳಬಲ್ಲವರು ಕೊಟ್ಟ ಹಣ ಕೊಳ್ಳಲಾರದವರ ಶುಶ್ರೂಷೆಗೆ ಒದಗಿತು.

ಇನ್ನು ಅವರ ಜೀವನದ ಮುಖ್ಯ ಭಾಗಕ್ಕೆ ಬರೋಣ. 1890ರಲ್ಲಿ ಅವರು ಕುಷ್ಠರೋಗಿಗಳಿಗಾಗಿ ಒಂದು ಆಶ್ರಯವನ್ನು ತೆರೆದರು.

ಇಂದಿನ ಮಕ್ಕಳಿಗೆ ಇದು ದೊಡ್ಡ ಸಂಗತಿಯಾಗಿ ಕಾಣದಿರಬಹುದು. ಆ ಕಾಲದಲ್ಲಿ ಜನರು ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೊಡ್ಡ ರೋಗ ಎಂದಷ್ಟೇ ಹೇಳುತ್ತಿದ್ದರು. ಪೂರ್ವಜನ್ಮದ ಪಾಪದ ಫಲವೆಂದು ನಂಬಿದ್ದರು. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಒಂದು ಮಚ್ಚೆ ಕಂಡರೆ ಮನೆಯವರು ಅದನ್ನು ಮುಚ್ಚಿಡುತ್ತಿದ್ದರು. ಮುಚ್ಚಿಡಲು ಆಗದ ಹಂತ ಬಂದಾಗ ರೋಗಿಯನ್ನು ಹೊರಗಿಡುತ್ತಿದ್ದರು. ಅಂಥವನಿಗೆ ಬಾವಿಯಿಲ್ಲ, ಜಗಲಿಯಿಲ್ಲ, ಮದುವೆ ಮುಂಜಿಗಳಿಲ್ಲ. ಕೊನೆಗೆ ಸಂತೆಯ ಬದಿಯ ಭಿಕ್ಷೆಯೇ ಗತಿ. 1898ರಲ್ಲಿ ಸರಕಾರ ಮಾಡಿದ ಕಾನೂನು ಕೂಡ ಭಿಕ್ಷೆ ಬೇಡುವ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿತು.

ರೋಗದ ಕಾರಣವು ವಿಜ್ಞಾನಕ್ಕೆ ತಿಳಿದಿತ್ತು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯರು ಇದು ಒಂದು ರೋಗಾಣುವಿನಿಂದ ಬರುವ ಕಾಯಿಲೆಯೆಂದು ಕಂಡುಹಿಡಿದಿದ್ದರು. ಆದರೆ ಮದ್ದು ಇರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆ ಮತ್ತು ಅದೇ ಜಾತಿಯ ಇತರ ಮರಗಳ ಎಣ್ಣೆ, ಇವೇ ಬಹುಕಾಲ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದ್ದ ಚಿಕಿತ್ಸೆ. ಕುಡಿದರೆ ವಾಂತಿ ಬರುವಂತಹ ಎಣ್ಣೆ ಅದು; ಮುಂದೆ ಅದನ್ನು ಸೂಜಿಯ ಮೂಲಕ ಕೊಟ್ಟಾಗ ವಿಪರೀತ ನೋವು. ಗುಣವಾಗುವ ಭರವಸೆಯೂ ಇಲ್ಲ.

ಹೋಮಿಯೋಪತಿಯ ಗುಳಿಗೆಗಳಿಂದ ಈ ರೋಗ ವಾಸಿಯಾಯಿತೆಂದು ನಾವು ಹೇಳಲಾರೆವು. ವೈಜ್ಞಾನಿಕ ಪರೀಕ್ಷೆಗಳಲ್ಲಿ ಆ ಗುಳಿಗೆಗಳು ಮದ್ದಿಲ್ಲದ ಗುಳಿಗೆಗಿಂತ ಹೆಚ್ಚು ಕೆಲಸ ಮಾಡುತ್ತವೆಂಬುದು ಸಿದ್ಧವಾಗಿಲ್ಲ. ಹಾಗಾದರೆ ಫಾದರ್ ಮುಲ್ಲರ್ ಕೊಟ್ಟದ್ದೇನು? ಇರಲು ಒಂದು ಸೂರು, ಹೊತ್ತಿಗೆ ಊಟ, ಹುಣ್ಣು ತೊಳೆದು ಬಟ್ಟೆ ಕಟ್ಟುವ ಕೈಗಳು. ಇದು ಚಿಕಿತ್ಸೆಯಲ್ಲವೆಂದು ತಿಳಿಯುವವರು ಕುಷ್ಠರೋಗದ ಸ್ವಭಾವವನ್ನು ಅರಿತಿಲ್ಲ. ಈ ರೋಗವು ಬೆರಳುಗಳನ್ನು ತಾನಾಗಿ ತಿಂದುಹಾಕುವುದಿಲ್ಲ. ಅದು ನರಗಳನ್ನು ಕೆಡಿಸುತ್ತದೆ. ರೋಗಿಗೆ ಬಿಸಿ, ಚುಚ್ಚು, ನೋವು ತಿಳಿಯುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿದರೂ, ಕಾಲಿಗೆ ಮುಳ್ಳು ಹೊಕ್ಕರೂ ಅರಿವಾಗುವುದಿಲ್ಲ. ಆರೈಕೆಯಿಲ್ಲದ ಗಾಯ ಕೊಳೆತು ಕೈಕಾಲು ಹಾಳಾಗುತ್ತದೆ. ಆದುದರಿಂದ ದಿನವೂ ಗಾಯ ನೋಡಿ, ತೊಳೆದು, ಕಟ್ಟುವ ಕೆಲಸವೇ ಅಂದು ಸಾಧ್ಯವಿದ್ದ ನಿಜವಾದ ಚಿಕಿತ್ಸೆ. ಯಾರೂ ಮುಟ್ಟದವರನ್ನು ಮುಟ್ಟಿದ್ದು ಮನಸ್ಸಿಗೂ ಮದ್ದಾಗಿರಬೇಕು.

1895ರಲ್ಲಿ ಕಂಕನಾಡಿಯಲ್ಲಿ ಸಾಮಾನ್ಯ ರೋಗಿಗಳಿಗೂ ಆಸ್ಪತ್ರೆ ಪ್ರಾರಂಭವಾಯಿತು. ಅದರ ಮರುವರ್ಷವೇ, ಎಂದರೆ 1896ರಲ್ಲಿ, ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಎರಡು ವರ್ಷಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಕಂಕುಳಲ್ಲಿ, ತೊಡೆಸಂದಿನಲ್ಲಿ ಗಡ್ಡೆ ಎದ್ದು, ಜ್ವರ ಏರಿ, ಕೆಲವೇ ದಿನಗಳಲ್ಲಿ ಸಾಯುವ ಜನರನ್ನು ಕಂಡು ಊರಿಗೆ ಊರೇ ಮನೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಓಡುತ್ತಿತ್ತು. 1894ರಲ್ಲಿ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದಿದ್ದರು. ಇಲಿಯ ಚಿಗಟದಿಂದ ಅದು ಮನುಷ್ಯನಿಗೆ ದಾಟುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ತೋರಿಸಿದ್ದರೂ ಆ ಮಾತನ್ನು ಎಲ್ಲರೂ ಒಪ್ಪಲು ವರ್ಷಗಳೇ ಹಿಡಿದವು. ಹಾಫ್ಕಿನ್ ಅವರು ಮುಂಬಯಿಯಲ್ಲಿ 1897ರಲ್ಲಿ ತಯಾರಿಸಿದ ಲಸಿಕೆ ಸ್ವಲ್ಪ ರಕ್ಷಣೆ ಕೊಡುತ್ತಿತ್ತು. ರೋಗ ಬಂದವರಿಗೆ ಮಾತ್ರ ಮದ್ದಿರಲಿಲ್ಲ. ಇಂಥ ಸಮಯದಲ್ಲಿ, 1902ರಲ್ಲಿ, ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಪ್ಲೇಗಿನವರಿಗಾಗಿ ಬೇರೆ ಆಸ್ಪತ್ರೆ ತೆರೆದರು. ಆಗ ಅವರಿಗೆ 61 ವರ್ಷ. ಮನೆಯವರೇ ಓಡಿಹೋಗುವ ರೋಗಿಯ ಹಾಸಿಗೆಯ ಬಳಿ ನಿಲ್ಲಲು ಎಂಥ ಎದೆ ಬೇಕೆಂಬುದನ್ನು ಕೊರೋನಾ ಕಾಲವನ್ನು ಕಂಡ ನಾವು ಊಹಿಸಬಲ್ಲೆವು.

ಅವರ ಸೇವೆಯನ್ನು ಮೆಚ್ಚಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. 1910ರಲ್ಲಿ ಅವರು ಮಂಗಳೂರಿನಲ್ಲಿ ತೀರಿಕೊಂಡರು. ಮೂವತ್ತೆರಡು ವರ್ಷಗಳ ಹಿಂದೆ ಬಂದ ನೆಲದಲ್ಲಿಯೇ ಅವರ ದೇಹ ಮಣ್ಣಾಯಿತು.

ಅವರು ಬಿಟ್ಟುಹೋದ ಕೆಲಸ ನಿಲ್ಲಲಿಲ್ಲ. ಕಾಲಕ್ಕೆ ತಕ್ಕಂತೆ ಆಸ್ಪತ್ರೆಯು ಆಧುನಿಕ ವೈದ್ಯವನ್ನು ಅಳವಡಿಸಿಕೊಂಡಿತು. 1960ರಲ್ಲಿ ದಾದಿಯರ ಶಾಲೆ, 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾದವು. ಅವರು ಎದುರಿಸಿದ ರೋಗಗಳ ಕಥೆಯೂ ಬದಲಾಯಿತು. ಪ್ಲೇಗಿಗೆ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು. ಅದೇ ದಶಕದಲ್ಲಿ ಕುಷ್ಠಕ್ಕೆ ಡ್ಯಾಪ್ಸೋನ್ ಎಂಬ ಮಾತ್ರೆ ಬಳಕೆಗೆ ಬಂತು. ರೋಗಾಣುಗಳು ಒಂದೇ ಮದ್ದಿಗೆ ಒಗ್ಗಿಕೊಳ್ಳತೊಡಗಿದಾಗ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಎರಡು ಮೂರು ಮದ್ದುಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ಸೂಚಿಸಿದರು. ಇಂದು ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ನುಂಗಿದರೆ ಕುಷ್ಠ ವಾಸಿಯಾಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಆ ಮಾತ್ರೆ ಉಚಿತ. 1898ರ ಕಾನೂನನ್ನು ನಮ್ಮ ಪಾರ್ಲಿಮೆಂಟು ರದ್ದುಗೊಳಿಸಿದ್ದು 2016ರಲ್ಲಿ. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಾನೂನುಗಳು ತಿದ್ದುಪಡಿಯಾದದ್ದು 2019ರಲ್ಲಿ. ಮದ್ದು ಸಿಕ್ಕು ಎಷ್ಟೋ ದಶಕಗಳಾದ ಮೇಲೆ ಕಾನೂನು ಬದಲಾಯಿತು. ಜನರ ಮನಸ್ಸು ಇನ್ನೂ ಪೂರ್ತಿ ಬದಲಾಗಿಲ್ಲ.

ಹೆತ್ತವರಲ್ಲಿ ಇಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳುತ್ತೇವೆ. ಫಾದರ್ ಮುಲ್ಲರ್ ಕಾಲದಲ್ಲಿ ಕುಷ್ಠವನ್ನು ಮುಚ್ಚಿಟ್ಟಂತೆ ಇಂದು ನಮ್ಮ ಮನೆಗಳಲ್ಲಿ ಮಾನಸಿಕ ಕಾಯಿಲೆಯನ್ನು ಮುಚ್ಚಿಡುತ್ತೇವೆ. ಹುಡುಗಿಯ ಮದುವೆ ನಿಂತುಹೋದೀತು, ಮನೆತನಕ್ಕೆ ಹೆಸರು ಬಂದೀತು ಎಂಬ ಹೆದರಿಕೆ ಅಂದಿನದೇ. ಮನಸ್ಸು ಕೆಟ್ಟವರನ್ನು ಸೋಂಕು ತಗಲಿದೆಯೆಂದು ಹೊಡೆಸಿದ್ದು, ಕಂಬಕ್ಕೆ ಕಟ್ಟಿದ್ದು, ಕೋಣೆಯಲ್ಲಿ ಕೂಡಿಹಾಕಿದ್ದು ಬಹಳ ಹಿಂದಿನ ಮಾತೇನಲ್ಲ. ಆ ಕಾಯಿಲೆಗಳಿಗೂ ಒಂದು ಕಾಲದಲ್ಲಿ ಮದ್ದಿರಲಿಲ್ಲ. ನಮ್ಮ ಕಾಡಿನ ಸರ್ಪಗಂಧದ ಬೇರು ಉದ್ವೇಗವನ್ನು ತಗ್ಗಿಸುತ್ತದೆಂದು ಪಂಡಿತರು ಅರಿತಿದ್ದರು. 1952ರಲ್ಲಿ ವಿಜ್ಞಾನಿಗಳು ಅದರ ಸಾರವನ್ನು ಬೇರ್ಪಡಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಮದ್ದು ಮನೋರೋಗಿಗಳಿಗೆ ಉಪಯೋಗಕ್ಕೆ ಬಂತು. ಆಮೇಲೆ ಇನ್ನೂ ಉತ್ತಮವಾದ ಮದ್ದುಗಳು ಬಂದಿವೆ. ಮಾತಿನ ಮೂಲಕ ಮಾಡುವ ಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ದೇಶದಲ್ಲಿಯೇ ಹೆಸರಾಗಿದೆ. ಕಂಕನಾಡಿಯ ಆಸ್ಪತ್ರೆಯಲ್ಲಿಯೂ ಮನೋರೋಗ ವಿಭಾಗವಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾನೂನು ನಿಷೇಧಿಸಿದೆ. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸರಕಾರದ ವತಿಯಿಂದ ಉಚಿತವಾಗಿ ಸಲಹೆ ಸಿಗುತ್ತದೆ. ಮಗು ತಿಂಗಳುಗಟ್ಟಲೆ ನಿದ್ದೆಗೆಟ್ಟು, ಯಾರೊಡನೆಯೂ ಸೇರದೆ, ಊಟ ಪಾಠಗಳೆರಡನ್ನೂ ಬಿಟ್ಟು ಕುಳಿತರೆ ಗದರಿಸುವ ಮೊದಲು ವೈದ್ಯರಿಗೆ ತೋರಿಸಬೇಕೆಂಬುದು ನಮ್ಮ ಬಿನ್ನಹ. ಹರಕೆ ಹೊತ್ತವರು ಹರಕೆ ಸಲ್ಲಿಸಲಿ, ಮದ್ದನ್ನೂ ತಪ್ಪಿಸದಿರಲಿ.

ಇನ್ನೊಂದು ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆವು. 2020ರ ಮಾರ್ಚಿಯಲ್ಲಿ ಕೊರೋನಾದ ಭಯದಿಂದ ತಲಪಾಡಿಯ ದಾರಿಯನ್ನು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾರದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ಪ್ರಾಣ ಬಿಟ್ಟರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬದಿಯಡ್ಕದ ಹತ್ತಿರದ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿಯೇ ಶಿಲಾನ್ಯಾಸವಾಗಿತ್ತು. ಆದರೆ ಆ ಸಂಕಟದ ದಿನಗಳಲ್ಲಿ ಅದು ಪೂರ್ಣ ಆಸ್ಪತ್ರೆಯಾಗಿ ಬೆಳೆದಿರಲಿಲ್ಲ. ಹಣವಿಲ್ಲದ, ಮದ್ದಿಲ್ಲದ ಕಾಲದಲ್ಲಿ ಒಬ್ಬ ಮೇಷ್ಟರು ಗುಳಿಗೆಯ ಡಬ್ಬಿಯಿಂದ ತೊಡಗಿ ಇಪ್ಪತ್ತೆರಡು ವರ್ಷಗಳಲ್ಲಿ ಔಷಧಾಲಯ, ಕುಷ್ಠಾಶ್ರಯ, ಆಸ್ಪತ್ರೆ, ಪ್ಲೇಗು ಆಸ್ಪತ್ರೆಗಳನ್ನು ಕಟ್ಟಿದರು. ಮದ್ದುಗಳಿಗೆ ಕೊರತೆಯಿಲ್ಲದ ಈ ಕಾಲದಲ್ಲಿ ನಮ್ಮ ಜಿಲ್ಲೆಗೆ ಬೇಕಾದದ್ದು ವೈದ್ಯರು ಮತ್ತು ದಾದಿಯರು.

ಈ ಶಾಲೆಯ ಬೆಂಚುಗಳಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಆ ವಿದ್ಯೆಯನ್ನು ಕಲಿತು, ಕಲಿತ ಮೇಲೆ ನಮ್ಮ ಊರುಗಳಿಗೇ ಮರಳಿ, ಬಡವನ ಗಾಯವನ್ನು ಅಸಹ್ಯಪಡದೆ ಮುಟ್ಟುವವರಾಗಲಿ. ಫಾದರ್ ಮುಲ್ಲರ್ ಅವರಿಗೆ ಇದಕ್ಕಿಂತ ದೊಡ್ಡ ಗೌರವವನ್ನು ನಾವು ಸಲ್ಲಿಸಲಾರೆವು.