ತಲಕಾಡಿನ ವಿಜಯಿ, ಜಿನಭಕ್ತ ಗಂಗರಾಜ

ಕೋಲಾರವು ಗಂಗರ ಕುವಲಾಲಪುರ. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ಉದಯಿಸಿತೆಂದು ಜೈನ ಪರಂಪರೆಯು ಸ್ಮರಿಸುವ ಗಂಗರಾಜ್ಯಕ್ಕೆ ಮೊದಲ ರಾಜಧಾನಿಯಾದ ಪುಣ್ಯಭೂಮಿ. ಕ್ರಿ.ಶ. 1004ರ ಸುಮಾರಿಗೆ ತಲಕಾಡು ಚೋಳರ ವಶವಾದೊಡನೆ ಜಿನಧರ್ಮಪೋಷಕವಾದ ಈ ರಾಜ್ಯವು ಅಸ್ತಂಗತವಾಯಿತು. ತಲಕಾಡು ರಾಜರಾಜಪುರವೆನಿಸಿತು, ಕೋಲಾರದ ಸೀಮೆಯು ನಿಕರಿಲಿಚೋಳಮಂಡಲವೆಂಬ ಹೊಸ ಹೆಸರನ್ನು ಹೊತ್ತಿತು. ಶತಮಾನಕ್ಕೂ ಮಿಕ್ಕಿ ನಡೆದ ಈ ಪರಾಧೀನತೆಯನ್ನು ಕೊನೆಗಾಣಿಸಿದ ಮಹಾಪುರುಷನೇ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ.

ಕೌಂಡಿನ್ಯ ಗೋತ್ರದ ಏಚಿರಾಜ ಈತನ ತಂದೆ, ಪೋಚಿಕಬ್ಬೆ ತಾಯಿ, ಲಕ್ಷ್ಮೀದೇವಿ ಧರ್ಮಪತ್ನಿ. ಮೂಲಸಂಘ ದೇಶೀಗಣದ ಶುಭಚಂದ್ರ ಸಿದ್ಧಾಂತದೇವರು ಗುರುಗಳು.

ಕ್ರಿ.ಶ. 1116ರ ಸುಮಾರಿನಲ್ಲಿ ಗಂಗರಾಜನು ತಲಕಾಡನ್ನು ಸಮೀಪಿಸಿ, ನಾಡನ್ನು ಒಪ್ಪಿಸುವಂತೆ ಚೋಳಸಾಮಂತ ಅದಿಯಮನಿಗೆ ಮೊದಲು ಹೇಳಿಕಳುಹಿಸಿದನು. ಅದಿಯಮನು ಒಪ್ಪದೆ ಯುದ್ಧವನ್ನೇ ಬಯಸಿದನು. ಆ ಕಾಳಗದಲ್ಲಿ ಚೋಳಸೈನ್ಯವು ಪರಾಭವಗೊಂಡಿತು. ಗಂಗವಾಡಿ ತೊಂಬತ್ತಾರು ಸಾಸಿರವು ಮತ್ತೆ ಕನ್ನಡ ಅರಸನ ಆಳ್ವಿಕೆಗೆ ಬಂದಿತು. ವಿಷ್ಣುವರ್ಧನನು ತಲಕಾಡುಗೊಂಡನೆನಿಸಿದನು, ಮುಳಬಾಗಿಲು ಸೀಮೆಯ ನಂಗಲಿಯು ಆತನ ರಾಜ್ಯದ ಮೂಡಣ ಎಲ್ಲೆಯಾಯಿತು. ಬೆಟ್ಟನಾಡಿನ ಚಿಕ್ಕ ರಾಜ್ಯವೊಂದು ದಕ್ಷಿಣದ ಪ್ರಬಲ ಶಕ್ತಿಯಾಗಿ ಬೆಳೆಯಲು ಈ ಒಂದು ಗೆಲುವು ಬಾಗಿಲು ತೆರೆಯಿತು.

ಇದಾದ ಬಳಿಕ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಗಂಗರಾಜನು ರಾತ್ರಿಯಲ್ಲಿ ಎರಗಿ ಹನ್ನೆರಡು ಮಂದಿ ಸಾಮಂತರನ್ನು ಸೋಲಿಸಿದನು. ಸಂತುಷ್ಟನಾದ ಅರಸನು ಬೇಡಿದ್ದನ್ನು ಕೊಡುವೆನೆಂದಾಗ, ದಂಡನಾಯಕನು ಬೇಡಿದ್ದು ಪರಮವೆಂಬ ಒಂದು ಗ್ರಾಮವನ್ನು. ಅದನ್ನೂ ತನಗಾಗಿ ಇರಿಸಿಕೊಳ್ಳದೆ, ತಾಯಿಯೂ ಮಡದಿಯೂ ಕಟ್ಟಿಸಿದ ಜಿನಾಲಯಗಳ ಪೂಜೆಗೆ 1118ರಲ್ಲಿ ಧಾರೆಯೆರೆದನು.

ಬೇಲೂರಿನಲ್ಲಿ ಅರಸನು ವಿಜಯನಾರಾಯಣನನ್ನು ಪ್ರತಿಷ್ಠಿಸಿದ ಕಾಲದಲ್ಲಿಯೇ ಶ್ರವಣಬೆಳಗೊಳದಲ್ಲಿ ಗಂಗರಾಜನು ಗೊಮ್ಮಟೇಶ್ವರನಿಗೆ ಸುತ್ತಾಲಯವನ್ನು ಕಟ್ಟಿಸಿದನು. ಶಾಸನ ಬಸದಿ, ತಾಯಿಗಾಗಿ ಕಟ್ಟಿಸಿದ ಕತ್ತಲೆ ಬಸದಿ ಹಾಗೂ ಜಿನನಾಥಪುರ ಆತನ ಧರ್ಮಕಾರ್ಯಗಳು. ಗಂಗವಾಡಿಯ ಜೀರ್ಣ ಬಸದಿಗಳನ್ನೆಲ್ಲ ಉದ್ಧರಿಸಿ ನಾಡನ್ನು ಕೊಪಣತೀರ್ಥಕ್ಕೆ ಸಮಾನಗೊಳಿಸಿದನೆಂದು ಶಾಸನಗಳು ಕೊಂಡಾಡಿವೆ.

ರಣರಂಗದಲ್ಲಿ ಸೋಲನ್ನರಿಯದ ಈ ವೀರನಿಗೆ ಮನೆಯಲ್ಲಿ ವಿಯೋಗಗಳು ಒಂದರ ಹಿಂದೆ ಒಂದು ಬಂದವು. 1120ರಲ್ಲಿ ತಾಯಿ, ಮರುವರ್ಷ ಮಡದಿ ಸಮಾಧಿವಿಧಿಯಿಂದ ದೇಹವಿಟ್ಟರು. 1123ರಲ್ಲಿ ಗುರುಗಳೂ ಸ್ವರ್ಗಸ್ಥರಾದರು. ಮೂವರಿಗೂ ಗಂಗರಾಜನು ಭಕ್ತಿಯಿಂದ ನಿಸಿಧಿಗಳನ್ನು ನಿಲ್ಲಿಸಿದನು.

1133ರ ವೇಳೆಗೆ ಗಂಗರಾಜನು ಕಾಲವಶನಾದನು. ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಆತನ ದ್ರೋಹಘರಟ್ಟ ಎಂಬ ಬಿರುದನ್ನೇ ಹೆಸರಾಗಿಸಿ ಜಿನಾಲಯವನ್ನು ನಿರ್ಮಿಸಿದನು. ಅಲ್ಲಿಯ ಪಾರ್ಶ್ವನಾಥ ಸ್ವಾಮಿಗೆ ವಿಷ್ಣುವರ್ಧನನೇ ವಿಜಯಪಾರ್ಶ್ವನೆಂದು ಹೆಸರಿಟ್ಟನು.

ತಲಕಾಡಿನ ಕೋಟೆ ಮರಳಿನಡಿ ಮರೆಯಾಗಿದೆ. ಗಂಗರಾಜನು ಕಟ್ಟಿಸಿದ ಬಸದಿಗಳಲ್ಲಿ ಜಿನಬಿಂಬಕ್ಕೆ ಇಂದಿಗೂ ಕೈಮುಗಿಯುವವರಿದ್ದಾರೆ. ಬಿಂಬಪ್ರತಿಷ್ಠೆಯ ಈ ಶುಭಪರ್ವದಲ್ಲಿ ಗಂಗವಾಡಿಯ ಶ್ರಾವಕರು ಆ ಧರ್ಮವೀರನನ್ನು ಸ್ಮರಿಸುವುದು ಉಚಿತವಾಗಿದೆ. ಜೈನಂ ಜಯತು ಶಾಸನಂ.