ಗುಡ್ಡದ ರಾಜ ಸಮುದ್ರಕ್ಕೆ ಇಳಿದಿದ್ದು ಯಾಕೆ? ಮಾಲ್ವಣದ ಸಿಂಧುದುರ್ಗದಿಂದ ನಮ್ಮ ಖಾನಾಪುರದ ಭೀಮಗಡದ ತನಕ ಶಿವಾಜಿ ಹೆಜ್ಜೆ

ಬೆಳಗಾವಿ: ನಮ್ಮ ಊರಲ್ಲಿ ಶಿವಜಯಂತಿ ಅಂದ್ರೆ ವೈಶಾಖದ ಚಿತ್ರರಥ. ರಾತ್ರಿಯಿಡೀ ಮೆರವಣಿಗೆ, ಲೇಝಿಮ್, ಢೋಲ್. ರಥದ ಮೇಲೆ ಅಫ್ಜಲ್‌ಖಾನ್ ಪ್ರಸಂಗ ಇರುತ್ತೆ, ಆಗ್ರಾದಿಂದ ಪಾರಾದ ಪ್ರಸಂಗ ಇರುತ್ತೆ. ಹಡಗು ಕಾಣೋದು ಕಡಿಮೆ. ಆದ್ರೆ ಶಿವಾಜಿ ಮಹಾರಾಜರ ಬದುಕಿನಲ್ಲಿ ನಮ್ಮ ಕರ್ನಾಟಕದ ಕರಾವಳಿಗೆ, ನಮ್ಮ ಖಾನಾಪುರ ಕಾಡಿಗೆ ಹೆಚ್ಚು ಸಂಬಂಧ ಇರೋದು ಆ ಸಮುದ್ರದ ಭಾಗಕ್ಕೇ.

ಹುಟ್ಟಿದ್ದು 1630ರ ಫೆಬ್ರವರಿ 19ರಂದು, ಜುನ್ನರ ಹತ್ತಿರದ ಶಿವನೇರಿ ಕೋಟೆಯಲ್ಲಿ. ತಂದೆ ಶಹಾಜಿ ವಿಜಾಪುರ ಆದಿಲ್‌ಶಾಹಿಯ ಸರದಾರ, ಬೆಂಗಳೂರಿನ ಜಹಗೀರು ಅವರದ್ದೇ. ಚಿಕ್ಕವರಿದ್ದಾಗ ಶಿವಾಜಿ ಕೂಡ ಒಂದಷ್ಟು ಕಾಲ ಬೆಂಗಳೂರಲ್ಲಿದ್ದರು. ಆಮೇಲೆ ತಾಯಿ ಜೀಜಾಬಾಯಿ ಜೊತೆ ಪುಣೆ. ಸಹ್ಯಾದ್ರಿಯ ಒಂದೊಂದೇ ಗುಡ್ಡದ ಕೋಟೆ ಹಿಡೀತಾ ಬೆಳೆದ ಕಥೆ, 1659ರ ಪ್ರತಾಪಗಡದ ಕಥೆ ಎಲ್ಲರಿಗೂ ಗೊತ್ತಿರೋದೇ, ಇಲ್ಲಿ ಮತ್ತೆ ಬೇಡ.

1657ರ ಹೊತ್ತಿಗೆ ಕಲ್ಯಾಣ, ಭಿವಂಡಿ ಕೈಗೆ ಬಂದವು. ಘಟ್ಟ ಇಳಿದ ಮೇಲೆ ಗೊತ್ತಾಗಿದ್ದೇನಂದ್ರೆ, ನೆಲ ನಮ್ಮದಾದ್ರೂ ನೀರು ಬೇರೆಯವರದ್ದು. ಗೋವಾದ ಪೋರ್ಚುಗೀಸರ ಕರ್ತಾಜ್ ಅನ್ನೋ ಪರವಾನಗಿ ಚೀಟಿ ಇಲ್ಲದೆ ವ್ಯಾಪಾರದ ಹಡಗು ಓಡೋ ಹಾಗಿರಲಿಲ್ಲ. ವೆಂಗುರ್ಲಾದಲ್ಲಿ ಡಚ್ಚರ ಮಳಿಗೆ, ಕಾರವಾರದಲ್ಲಿ ಇಂಗ್ಲಿಷರದ್ದು. ಇವರೆಲ್ಲರಿಗಿಂತ ದೊಡ್ಡ ತಲೆನೋವು ಜಂಜಿರಾದ ಸಿದ್ದಿಗಳು. ಅವರು ಮುರುಡ ಹತ್ತಿರದ ದ್ವೀಪಕೋಟೆಯಲ್ಲಿ ಕೂತು ಕೊಂಕಣದ ಹಳ್ಳಿಗಳ ಮೇಲೆ ಬೀಳ್ತಿದ್ದರು. ಕುದುರೆ ಸವಾರರು ದಂಡೆಗೆ ಬಂದು ನೋಡ್ತಾ ನಿಲ್ಲಬೇಕಷ್ಟೇ.

1664 ಮಹತ್ವದ ವರ್ಷ. ಜನವರಿ ಮೊದಲ ವಾರ ಸೂರತ್ ಲೂಟಿ. ಅದೇ ತಿಂಗಳು ಈಗಿನ ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿ ಬೇಟೆಗೆ ಹೋಗಿದ್ದ ಶಹಾಜಿ ಕುದುರೆಯಿಂದ ಬಿದ್ದು ತೀರಿಕೊಂಡರು. ಸಮಾಧಿ ಇವತ್ತಿಗೂ ಅಲ್ಲೇ ಇದೆ. ನವೆಂಬರ್ 25ರಂದು ಮಾಲ್ವಣ ಬಂದರಿನ ಎದುರು ಕುರ್ಟೆ ಅನ್ನೋ ಬಂಡೆ ದ್ವೀಪದ ಮೇಲೆ ಸಿಂಧುದುರ್ಗದ ಕೆಲಸ ಶುರು.

ಜಾಗ ಆರಿಸಿದ್ದರಲ್ಲೇ ಬುದ್ಧಿ ಕಾಣುತ್ತೆ. ದ್ವೀಪದ ಸುತ್ತ ನೀರೊಳಗೆ ಬಂಡೆಗಳು. ದಾರಿ ಗೊತ್ತಿರೋ ಸ್ಥಳೀಯ ಮೀನುಗಾರರು ಸಣ್ಣ ದೋಣಿ ನಡೆಸ್ತಾರೆ, ದೊಡ್ಡ ಯುದ್ಧನೌಕೆ ಹತ್ತಿರ ಬಂದ್ರೆ ತಳ ಒಡೀತದೆ. ಕಟ್ಟಡದ ಉಸ್ತುವಾರಿ ಹಿರೋಜಿ ಇಂದುಲಕರ್ ಅವರದ್ದು. ದ್ವೀಪ ಸುಮಾರು 48 ಎಕರೆ, ಗೋಡೆ ಸುಮಾರು 3 ಕಿ.ಮೀ. ಉದ್ದ, ಎತ್ತರ 30 ಅಡಿ, ದಪ್ಪ 12 ಅಡಿ. ಅಲೆ ಹೊಡೆತಕ್ಕೆ ಸುಣ್ಣದ ಗಾರೆ ನಿಲ್ಲಲ್ಲ ಅಂತ ಪಾಯದ ಕಲ್ಲಿಗೆ ಸೀಸ ಕರಗಿಸಿ ಹೊಯ್ದರು. ಗೋಡೆ ನೇರ ಇಲ್ಲ, ಹಾವಿನ ಥರ ಡೊಂಕು. ಹೆಬ್ಬಾಗಿಲು ದೂರದಿಂದ ಕಾಣಲ್ಲ. ಎದುರಿಗೆ ಹೋಗಿ ನಿಂತಾಗಲೇ ಗೊತ್ತಾಗೋದು. ಒಳಗೆ ಹಾಲು, ಸಕ್ಕರೆ, ಮೊಸರು ಅನ್ನೋ ಹೆಸರಿನ ಮೂರು ಬಾವಿ. ಸುತ್ತ ಉಪ್ಪುನೀರು, ಒಳಗೆ ಸಿಹಿನೀರು. ಮುತ್ತಿಗೆ ಬಿದ್ದರೆ ತೋಪಿಗಿಂತ ಮೊದಲು ಬೇಕಾಗೋದು ನೀರು ಅಲ್ವಾ?

ಗೋಡೆ ಏಳ್ತಿರುವಾಗಲೇ, 1665ರ ಫೆಬ್ರವರಿಯಲ್ಲಿ, ಶಿವಾಜಿ ಮಾಲ್ವಣದಿಂದ ಸ್ವತಃ ಹಡಗು ಹತ್ತಿದರು. 3 ದೊಡ್ಡ ಹಡಗು, 85 ಸಣ್ಣವು. ಹೋಗಿದ್ದು ನಮ್ಮ ಕಡೆಗೇ. ಈಗಿನ ಉಡುಪಿ ಜಿಲ್ಲೆಯ ಬಸರೂರು ಆಗ ಅಕ್ಕಿ ವ್ಯಾಪಾರದ ಶ್ರೀಮಂತ ಬಂದರು, ಕೆಳದಿ ಅರಸರದ್ದು. ಶಿವಪ್ಪ ನಾಯಕ ತೀರಿಹೋದ ಮೇಲೆ ಕೆಳದಿ ಅರಮನೆಯಲ್ಲಿ ಗದ್ದಲ ನಡೆದಿತ್ತು. ಬಸರೂರು ಲೂಟಿಯಾಯ್ತು. ವಾಪಸ್ ಬರುವಾಗ ಗೋಕರ್ಣದಲ್ಲಿ ಸಮುದ್ರಸ್ನಾನ, ಆಮೇಲೆ ಕಾರವಾರ. ಅಲ್ಲಿನ ವ್ಯಾಪಾರಿಗಳು ಕಾಣಿಕೆ ಒಟ್ಟು ಮಾಡಿ ಊರು ಉಳಿಸಿಕೊಂಡರು. ಇಂಗ್ಲಿಷ್ ಮಳಿಗೆಯವರು ಕೊಟ್ಟ ಪಾಲು 112 ಪೌಂಡ್.

ಈ ಖುಷಿ ನಾಲ್ಕು ತಿಂಗಳೂ ಉಳೀಲಿಲ್ಲ. ಮೊಘಲರ ಜಯಸಿಂಗ್ ಬಂದು ಪುರಂದರ ಸುತ್ತಿದ. ಜೂನ್ ಒಪ್ಪಂದದಲ್ಲಿ 23 ಕೋಟೆ ಹೋದವು, 12 ಉಳಿದವು. ಮರುವರ್ಷ ಆಗ್ರಾ ಬಂಧನ, ಆಗಸ್ಟ್‌ನಲ್ಲಿ ಪಾರಾಗಿದ್ದು. ಇಷ್ಟೆಲ್ಲ ಆಗ್ತಿದ್ದಾಗಲೂ ಮಾಲ್ವಣದಲ್ಲಿ ಕಲ್ಲು ಕೆಲಸ ನಿಲ್ಲಲಿಲ್ಲ. 1667ರಲ್ಲಿ ಕೋಟೆ ಮುಗೀತು. ನನಗೆ ಆಗ್ರಾ ಬುಟ್ಟಿಯ ಕಥೆಗಿಂತ ಇದೇ ದೊಡ್ಡದು ಅನ್ಸುತ್ತೆ.

ಈಗ ನಮ್ಮ ಜಿಲ್ಲೆ. ಗೋವಾದ ಪೋರ್ಚುಗೀಸರನ್ನ ಸಮುದ್ರದ ಕಡೆಯಿಂದ ಕಾಯೋಕೆ ಸಿಂಧುದುರ್ಗ ಇದ್ದರೆ, ಘಟ್ಟದ ಮೇಲಿಂದ ಕಾಯೋಕೆ ಖಾನಾಪುರ ತಾಲೂಕಿನ ಭೀಮಗಡ. ಇದು ಶಿವಾಜಿ ಕಟ್ಟಿಸಿದ್ದು ಅನ್ನೋದು ಇಲ್ಲಿ ತಲೆಮಾರುಗಳಿಂದ ಬಂದ ಮಾತು. ಮಹದಾಯಿ ಹುಟ್ಟೋದು ಇದೇ ಕಾಡಲ್ಲಿ. ಅದೇ ನೀರು ಕೆಳಗಿಳಿದು ಮಾಂಡವಿಯಾಗಿ ಪೋರ್ಚುಗೀಸರ ರಾಜಧಾನಿ ಬಾಗಿಲಲ್ಲೇ ಹರೀತಿತ್ತು. ನಕಾಶೆ ಬಿಡಿಸಿಟ್ಟು ನೋಡಿದ್ರೆ ಎರಡು ಕೋಟೆ ಒಂದೇ ಲೆಕ್ಕದವು ಅಂತ ಗೊತ್ತಾಗುತ್ತೆ.

ಘಟ್ಟದ ಮೇಲಿನ ಜನಕ್ಕೆ ಎಲ್ಲ ಸುಖವೇ ಇತ್ತು ಅಂತ ಬರೆದ್ರೆ ಸುಳ್ಳಾಗುತ್ತೆ. 1673ರಲ್ಲಿ ಮರಾಠಾ ಸೈನ್ಯ ಹುಬ್ಬಳ್ಳಿ ಪೇಟೆ ಲೂಟಿ ಮಾಡ್ತು, ಇಂಗ್ಲಿಷರ ಮಳಿಗೆಯನ್ನೂ ಬಿಡಲಿಲ್ಲ. 1674ರ ಫೆಬ್ರವರಿಯಲ್ಲಿ ಸೇನಾಪತಿ ಪ್ರತಾಪರಾವ್ ಗುಜರ್ ಬಿದ್ದಿದ್ದು ಇಲ್ಲೇ ಗಡಹಿಂಗ್ಲಜ್ ಕಡೆಯ ನೇಸರಿಯಲ್ಲಿ. ಅದಾಗಿ ಜೂನ್ 6ಕ್ಕೆ ರಾಯಗಡದಲ್ಲಿ ಪಟ್ಟಾಭಿಷೇಕ. ಮರುವರ್ಷ ಫೋಂಡಾ, ಕಾರವಾರ ಕೈಗೆ ಬಂದವು.

1678ರಲ್ಲಿ ದಕ್ಷಿಣದ ದಂಡಯಾತ್ರೆ ಮುಗಿಸಿ ಬರುವಾಗಿನ ಬೆಳವಡಿ ಪ್ರಸಂಗ ಇನ್ನೂ ಕಟು. ದೇಸಾಯಿ ಈಶಪ್ರಭು ಹತನಾದ ಮೇಲೆ ಮಲ್ಲಮ್ಮ ಕೋಟೆ ಬಿಟ್ಟುಕೊಡದೆ ಸುಮಾರು ಒಂದು ತಿಂಗಳು ಕಾದಾಡಿದಳು. ಇಷ್ಟು ಸಣ್ಣ ಗಢಿಯಲ್ಲಿ ಅಷ್ಟು ದಿನ ತಡೆದಿದ್ದು ಇಂಗ್ಲಿಷರಿಗೂ ಸುದ್ದಿಯಾಗಿತ್ತು. ಅವಳ ಜೊತೆ ಕೆಟ್ಟದಾಗಿ ನಡೆದುಕೊಂಡ ಸೇನಾನಿ ಸಕುಜಿ ಗಾಯಕವಾಡನ ಕಣ್ಣು ಕೀಳಿಸಿ ಮುನವಳ್ಳಿಯಲ್ಲಿ ಸೆರೆ ಇಟ್ಟರು ಅಂತ ಬಖರ್‌ಗಳು ಹೇಳ್ತವೆ. ಧಾರವಾಡ ಹತ್ತಿರದ ಯಾದವಾಡದಲ್ಲಿ ಒಂದು ಶಿಲ್ಪ ಇದೆ. ಮಲ್ಲಮ್ಮ ಶಿವಾಜಿಯ ನೆನಪಿಗೆ ಕೆತ್ತಿಸಿದ್ದು ಅಂತ ಅದನ್ನ ಗುರುತಿಸ್ತಾರೆ. ನಮ್ಮಲ್ಲಿ ಒಂದು ಕಡೆಯವರು ಮುತ್ತಿಗೆ ಮಾತ್ರ ಹೇಳ್ತಾರೆ, ಇನ್ನೊಂದು ಕಡೆಯವರು ಶಿಲ್ಪ ಮಾತ್ರ. ಬೈಲಹೊಂಗಲ ಕಡೆಯ ಮಕ್ಕಳಿಗೆ ಎರಡನ್ನೂ ಒಟ್ಟಿಗೇ ಹೇಳಬೇಕು.

ಕೊನೆಯ ದಿನಗಳಲ್ಲೂ ಮನಸ್ಸು ದ್ವೀಪದ ಮೇಲೇ ಇತ್ತು. 1679ರಲ್ಲಿ ಮುಂಬೈ ಬಂದರಿನ ಬಾಯಲ್ಲೇ ಖಾಂದೇರಿ ಕೋಟೆ ಶುರು ಮಾಡಿಸಿದರು. ಇಂಗ್ಲಿಷರು ಹಡಗು ತಂದು ಎಷ್ಟು ಅಡ್ಡಗಟ್ಟಿದರೂ ರಾತ್ರಿ ಸಣ್ಣ ದೋಣಿಯಲ್ಲಿ ಕಲ್ಲು, ಆಳು ಸಾಗ್ತಾನೇ ಇದ್ದವು. 1680ರ ಏಪ್ರಿಲ್ 3ರಂದು ರಾಯಗಡದಲ್ಲಿ ತೀರಿಕೊಂಡಾಗ ವಯಸ್ಸು 50. ಜಂಜಿರಾ ಮಾತ್ರ ಕೊನೆಗೂ ಸಿಗಲಿಲ್ಲ. ಅದು 1948ರ ತನಕ ಸಿದ್ದಿ ನವಾಬರದ್ದೇ ಆಗಿತ್ತು.

ಮಗ ರಾಜಾರಾಮ 1695ರಲ್ಲಿ ಸಿಂಧುದುರ್ಗದ ಒಳಗೆ ತಂದೆಗೆ ಗುಡಿ ಕಟ್ಟಿಸಿದ. ಪೂಜೆ ಈಗಲೂ ನಡೀತದೆ. ಸುಣ್ಣದ ಗಾರೆಯಲ್ಲಿ ಒತ್ತಿದ ಕೈ, ಕಾಲಿನ ಗುರುತು ಮಹಾರಾಜರದ್ದೇ ಅಂತ ತೋರಿಸ್ತಾರೆ. ಇದೇ ಮಾಲ್ವಣದ ದಂಡೆಯ ರಾಜಕೋಟದಲ್ಲಿ 2023ರ ಡಿಸೆಂಬರ್‌ನಲ್ಲಿ ಅನಾವರಣಗೊಂಡ 35 ಅಡಿ ಪ್ರತಿಮೆ 2024ರ ಆಗಸ್ಟ್ 26ರ ಗಾಳಿಗೆ ಉರುಳಿತು. ಎದುರಿಗಿದ್ದ ಸೀಸದ ಪಾಯ ಅಲುಗಲಿಲ್ಲ.

ನೋಡಬೇಕು ಅನ್ನೋರಿಗೆ: ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದು ಸಾವಂತವಾಡಿ, ಕುಡಾಳ ಮೇಲೆ ಮಾಲ್ವಣ. ಜೆಟ್ಟಿಯಿಂದ ದೋಣಿ ಸಿಗುತ್ತೆ, ಮಳೆಗಾಲದಲ್ಲಿ ಬಂದ್. ಭೀಮಗಡ ಈಗ ವನ್ಯಧಾಮದೊಳಗಿದೆ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹೋಗಬೇಡಿ.