ಊರ ಹೊರಗಿಟ್ಟರೂ ಊರ ನುಡಿ ಬಿಡದ ವರಕವಿ

ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಧಾರವಾಡದ ಸಾಧನಕೇರಿ ಸುಳಿಯುತ್ತದೆ. ಕವಿ ಮತ್ತು ಊರಿನ ನಂಟು ಅಷ್ಟು ಗಾಢವಾದುದು. ಆದರೆ ಅವರ ಮನೆತನದ ನೆಲೆ ಇದ್ದುದು ಗದಗ ಸೀಮೆಯ ಶಿರಹಟ್ಟಿಯಲ್ಲಿ. ಅವರ ಬದುಕಿನ ನಡುಗಾಲವೂ ಧಾರವಾಡದಲ್ಲಿ ನೆಮ್ಮದಿಯಿಂದ ಕಳೆದುದಲ್ಲ. ಒಂದು ಕವನಕ್ಕಾಗಿ 1932ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಸೆರೆಮನೆಗೆ ತಳ್ಳಿತು. ಬಳಿಕ ಮುಗದ ಎಂಬ ಹಳ್ಳಿಯಲ್ಲಿ ನಜರಬಂದಿಯಾಗಿ ಇರಿಸಿತು. ಆ ಆಜ್ಞೆಯ ಅವಧಿ ಬೇಗನೆ ಮುಗಿಯಿತು. ಅದರ ನೆರಳು ಮಾತ್ರ ಬಹುಕಾಲ ಅವರನ್ನು ಬೆನ್ನಟ್ಟಿತು.

ಬೇಂದ್ರೆ ಮನೆತನದ ಮೂಲ ಹೆಸರು ಠೋಸರ. ವೈದಿಕ ವೃತ್ತಿಯ ಈ ಮರಾಠಿ ಮನೆಮಾತಿನ ಕುಟುಂಬ ಶಿರಹಟ್ಟಿಗೆ ಬಂದು ನೆಲೆಸಿತ್ತು. ಆಗಿನ ಆ ಸೀಮೆಯ ಚಿತ್ರವೇ ವಿಚಿತ್ರ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ನೆರೆಯ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವು. ಮುಂಡರಗಿಯಿಂದ ತುಸು ಮುಂದೆ ಹೋದರೆ ನಿಜಾಮನ ಸೀಮೆ. ಒಂದೇ ಕನ್ನಡ ಮಾತಾಡುವ ಜನ ದಿನವೊಂದರ ದಾರಿಯಲ್ಲಿ ಮೂರು ನಾಲ್ಕು ಪ್ರಭುತ್ವಗಳನ್ನು ದಾಟಬೇಕಿತ್ತು. ಗದಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ ನಾಡಗೀತೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದುದಕ್ಕೆ ಇದೇ ಹಿನ್ನೆಲೆ. ತಮ್ಮ ನೆಲದಲ್ಲಿಯೇ ಚದುರಿಹೋದ ಜನದ ಹಂಬಲ ಅದಾಗಿತ್ತು.

ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಹನ್ನೊಂದರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಅಜ್ಜಿ ಗೋದೂಬಾಯಿ ಖಾನಾವಳಿ ನಡೆಸಿ ಮನೆಯನ್ನು ಹಿಡಿದು ನಿಲ್ಲಿಸಿದರು. ತಾಯಿ ಅಂಬವ್ವ ಅದೇ ದುಡಿಮೆಯಲ್ಲಿ ಜೊತೆಯಾದರು. ಮುಂದೆ ಮಗ ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ತಾಯಿಯ ಹೆಸರನ್ನು ಮುಂದಿಟ್ಟುಕೊಂಡೇ ಬರೆದರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಧಾರವಾಡದ ಕನ್ನಡ, ವೈದಿಕ ಪರಂಪರೆಯಿಂದ ಸಂಸ್ಕೃತ, ಶಾಲೆಯಲ್ಲಿ ಇಂಗ್ಲಿಷ್. ಈ ನಾಲ್ಕರಲ್ಲಿ ಅವರು ಕಾವ್ಯಕ್ಕೆಂದು ಆರಿಸಿಕೊಂಡದ್ದು ಓಣಿಯ ಭಾಷೆಯನ್ನು.

1913ರಲ್ಲಿ ಮೆಟ್ರಿಕ್ ಮುಗಿಸಿ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು. ಮಂಡಾಲೆಯಲ್ಲಿ ಆರು ವರ್ಷ ಸೆರೆಯಲ್ಲಿದ್ದ ಲೋಕಮಾನ್ಯ ತಿಲಕರು 1914ರಲ್ಲಿ ಅದೇ ಪುಣೆಗೆ ಮರಳಿದರು. ದೇಶದಿಂದ ದೂರವಿಟ್ಟ ಸೆರೆಯಲ್ಲೇ ಗೀತಾರಹಸ್ಯ ಬರೆದು ತಂದವರು ತಿಲಕರು. ಅರವಿಂದರು 1910ರಲ್ಲೇ ಬ್ರಿಟಿಷರ ಕೈಗೆಟುಕದ ಪಾಂಡಿಚೇರಿ ಸೇರಿದ್ದರು. ಸೆರೆ, ಗಡೀಪಾರುಗಳು ಗ್ರಂಥಗಳಿಗೂ ಸಾಧನೆಗೂ ಕಾರಣವಾಗುತ್ತಿದ್ದ ಕಾಲದಲ್ಲಿ ಬೇಂದ್ರೆಯವರ ಯೌವನ ರೂಪುಗೊಂಡಿತು. ಮುಂದೆ ಅರವಿಂದರ ಚಿಂತನೆ ಅವರ ಕಾವ್ಯದ ಆಳಕ್ಕೆ ಇಳಿಯಿತು.

1918ರಲ್ಲಿ ಬಿ.ಎ. ಪಡೆದು ಧಾರವಾಡಕ್ಕೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. 1919ರಲ್ಲಿ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. 1922ರಲ್ಲಿ ಮೊದಲ ಕೃತಿ ‘ಕೃಷ್ಣಕುಮಾರಿ’ ಹೊರಬಂತು. ಶಂಬಾ ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಆನಂದಕಂದ ಮೊದಲಾದವರು ಬೇಂದ್ರೆಯವರ ಸುತ್ತ ನೆರೆದು ಗೆಳೆಯರ ಗುಂಪು ಬೆಳೆಯಿತು. ದಸರೆಯ ದಿನಗಳಲ್ಲಿ ನಾಡಹಬ್ಬ ಆಚರಿಸುವ ಪದ್ಧತಿಗೆ ಈ ಗುಂಪೇ ಚಾಲನೆ ನೀಡಿತು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ ಕಾಲಪಕ್ಷಿಯ ಕವನವನ್ನು ಬೇಂದ್ರೆ ಓದಿದಾಗ, ಹಳೆಯ ಮೈಸೂರಿನ ವಿದ್ವಾಂಸರಿಗೂ ಈ ಹೊಸ ದನಿಯ ಪರಿಚಯವಾಯಿತು.

ಆ ವೇಳೆಗೆ ದೇಶ ಕಾವೇರಿತ್ತು. 1930ರ ಉಪ್ಪಿನ ಸತ್ಯಾಗ್ರಹದ ಬೆನ್ನಿಗೆ 1932ರ ಜನವರಿಯಲ್ಲಿ ಕಾನೂನುಭಂಗ ಚಳವಳಿ ಮತ್ತೆ ಆರಂಭವಾದಾಗ ಸರ್ಕಾರ ಕಾಂಗ್ರೆಸ್ಸನ್ನೇ ಕಾನೂನುಬಾಹಿರವೆಂದು ಸಾರಿತು. ಬೇಂದ್ರೆಯವರ ‘ನರಬಲಿ’ ಕವನದಲ್ಲಿ ಅಧಿಕಾರಿಗಳಿಗೆ ರಾಜದ್ರೋಹ ಕಾಣಿಸಿತು. ‘ಗರಿ’ ಸಂಕಲನ ಪ್ರಕಟವಾದ ವರ್ಷವೇ ಕವಿ ಬೆಳಗಾವಿಯ ಹಿಂಡಲಗಾ ಸೆರೆಮನೆ ಕಂಡರು. ಅಲ್ಲಿಂದ ಬಿಟ್ಟ ಮೇಲೂ ಮನೆ ಸೇರುವ ಸ್ವಾತಂತ್ರ್ಯವಿರಲಿಲ್ಲ. ಧಾರವಾಡದ ಪಶ್ಚಿಮಕ್ಕೆ, ಮಲೆನಾಡಿನ ಸೆರಗಿನಲ್ಲಿರುವ ಮುಗದದಲ್ಲಿ ಸ್ಥಾನಬದ್ಧತೆ ವಿಧಿಸಲಾಯಿತು.

ಮುಗದ ದೂರದ ಊರಲ್ಲ. ಧಾರವಾಡ ಬಿಟ್ಟ ರೈಲು ಸ್ವಲ್ಪ ಹೊತ್ತಿನಲ್ಲೇ ಮುಟ್ಟುವ ನಿಲ್ದಾಣ. ಆ ಸಮೀಪತೆಯಲ್ಲೇ ಶಿಕ್ಷೆಯ ಕ್ರೌರ್ಯವಿತ್ತು. ತಿಲಕರಿಗೆ ಸಮುದ್ರ ಅಡ್ಡವಾಗಿತ್ತು. ಬೇಂದ್ರೆಯವರಿಗೆ ಒಂದು ಕಾಗದದ ಆಜ್ಞೆ ಸಾಕಾಯಿತು. ಹೆಂಡತಿ, ಮಕ್ಕಳು, ಗೆಳೆಯರು, ಪತ್ರಿಕೆ ಎಲ್ಲವೂ ಕೂಗಳತೆಯ ಆಚೆಗೆ ಉಳಿದವು.

ಬಿಡುಗಡೆಯ ನಂತರ ನಿಜವಾದ ದಂಡನೆ ಆರಂಭವಾಯಿತು. ರಾಜದ್ರೋಹದ ಕಳಂಕ ಹೊತ್ತ ಶಿಕ್ಷಕರಿಗೆ ಕೆಲಸ ಕೊಡಲು ಸಂಸ್ಥೆಗಳು ಹಿಂಜರಿಯುತ್ತಿದ್ದ ಕಾಲ ಅದು. 1935ರಲ್ಲಿ ಎಂ.ಎ. ಪದವಿ ಪಡೆದರೂ ಸ್ಥಿರವಾದ ನೌಕರಿ ಒದಗಲಿಲ್ಲ. ಅಲ್ಪಕಾಲದ ಬೋಧನೆ, ಉಪನ್ಯಾಸ, ಪತ್ರಿಕೆಯ ಕೆಲಸ ಇವುಗಳಿಂದಲೇ ಸಂಸಾರ ಸಾಗಬೇಕಾಯಿತು. ದಂಪತಿಗಳಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದವರು ಮೂವರೇ.

ಇಂಥ ಬಡತನದ ನಡುವೆಯೇ ಅವರ ಕಾವ್ಯ ಉಕ್ಕಿ ಹರಿಯಿತು. 1937ರ ‘ಸಖೀಗೀತ’ ದಾಂಪತ್ಯದ ಸುಖದುಃಖಗಳನ್ನೇ ಕಾವ್ಯದ ವಸ್ತುವಾಗಿಸಿತು. 1938ರಲ್ಲಿ ‘ನಾದಲೀಲೆ’ ಬಂತು. ಇವುಗಳಲ್ಲಿ ಆಳುವವರ ಮೇಲಿನ ಹಗೆತನ ಪ್ರಧಾನವಾಗಲಿಲ್ಲ. ಶಿಕ್ಷೆಗೊಳಗಾದ ಕವಿ ಲಾವಣಿಯ ಲಯ, ಗರತಿಯ ಹಾಡಿನ ದಾಟಿ, ಸಂತೆಯ ಮಾತಿನ ಚುರುಕುಗಳನ್ನು ಮತ್ತಷ್ಟು ಬಿಗಿಯಾಗಿ ಅಪ್ಪಿಕೊಂಡರು. ಸರ್ಕಾರ ಕೆಲಸವನ್ನು ಕಸಿಯಬಹುದಿತ್ತು. ಈ ನುಡಿಯನ್ನು ಕಸಿಯುವ ಆಜ್ಞೆ ಯಾರಲ್ಲಿಯೂ ಇರಲಿಲ್ಲ.

1943ರಲ್ಲಿ ಅವರು ಕಾಳಿದಾಸನ ಮೇಘದೂತವನ್ನು ಕನ್ನಡಕ್ಕೆ ತಂದರು. ಒಡೆಯನ ಶಾಪದಿಂದ ಒಂದು ವರ್ಷ ಊರಿಂದ ಹೊರಗುಳಿದ ಯಕ್ಷನ ಕಥೆಯದು. ಮುಗದದ ದಿನಗಳನ್ನು ಬಲ್ಲ ಓದುಗರಿಗೆ ಈ ಆಯ್ಕೆ ಆಕಸ್ಮಿಕವೆನಿಸುವುದಿಲ್ಲ. ಅದೇ ವರ್ಷ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿಯಿತು. ನಾಡು ತಲೆಯ ಮೇಲೆ ಹೊತ್ತ ಕವಿಗೆ ಆಗಲೂ ಖಾಯಂ ಸಂಬಳವಿರಲಿಲ್ಲ.

ಕೊನೆಗೆ ಕೆಲಸ ಸಿಕ್ಕಿದ್ದು ಸೊಲ್ಲಾಪುರದಲ್ಲಿ. 1944ರಿಂದ 1956ರವರೆಗೆ ಹನ್ನೆರಡು ವರ್ಷ ಅಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಇದು ಯಾರೂ ವಿಧಿಸಿದ ಗಡೀಪಾರಲ್ಲ, ಹೊಟ್ಟೆಪಾಡು. ಆದರೂ ಧಾರವಾಡದ ಕವಿ ಧಾರವಾಡದಿಂದ ದೂರವಿದ್ದುದು ನಿಜ. ಗಿರಣಿಗಳ ಆ ನಗರದಲ್ಲಿ ಮರಾಠಿಯೊಡನೆ ಕನ್ನಡವೂ ಬೆರೆತಿತ್ತು. ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯೂ ಅದೇ. ಎರಡು ಭಾಷೆಗಳ ಮನೆಯಲ್ಲಿ ಹುಟ್ಟಿದವರಿಗೆ ಆ ಊರು ಪರಕೀಯವಾಗಲಿಲ್ಲ. 1946ರ ‘ಹಾಡು ಪಾಡು’, 1951ರ ‘ಗಂಗಾವತರಣ’ ಈ ಅವಧಿಯ ಫಲಗಳು. ಮರಾಠಿಯಲ್ಲಿ ಬರೆದ ‘ಸಂವಾದ’ ಕೃತಿಗೂ ಮನ್ನಣೆ ದೊರೆಯಿತು.

1956ರಲ್ಲಿ ನಿವೃತ್ತರಾಗಿ ಸಾಧನಕೇರಿಗೆ ಮರಳಿದರು. ಅದೇ ವರ್ಷ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದಾಗ ಸಾಂಗ್ಲಿಯ ಶಿರಹಟ್ಟಿ, ಮಿರಜದ ಲಕ್ಷ್ಮೇಶ್ವರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಈಗ ಗದಗ, ಮುಂಡರಗಿಗಳೊಡನೆ ಒಂದೇ ರಾಜ್ಯದೊಳಗೆ ಬಂದವು. 1997ರಲ್ಲಿ ಗದಗ ಜಿಲ್ಲೆ ರಚನೆಯಾದಾಗ ಈ ಊರುಗಳೆಲ್ಲ ಅದರ ಭಾಗವಾದವು. ಹನ್ನೆರಡು ವರ್ಷ ಕವಿಗೆ ಅನ್ನವಿಟ್ಟ ಸೊಲ್ಲಾಪುರ ಮಾತ್ರ ಗಡಿಯಾಚೆ ಉಳಿಯಿತು.

ಐದು ಸಂಕಲನಗಳನ್ನೊಳಗೊಂಡ ‘ಅರಳು ಮರಳು’ ಕೃತಿಗೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, 1964ರ ‘ನಾಕು ತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ಸಂದವು. ಜ್ಞಾನಪೀಠವನ್ನು ಒಡಿಯಾದ ಗೋಪೀನಾಥ ಮೊಹಂತಿಯವರೊಡನೆ ಹಂಚಿಕೊಂಡರು. ಕುವೆಂಪು ಅವರ ಬಳಿಕ ಕನ್ನಡಕ್ಕೆ ಬಂದ ಎರಡನೆಯ ಜ್ಞಾನಪೀಠವದು. 1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ನಿಧನರಾದರು.

ಮಗ ವಾಮನ ಬೇಂದ್ರೆಯವರ ಸಂಪಾದನೆಯಲ್ಲಿ ತಂದೆಯ ಸಮಗ್ರ ಕಾವ್ಯ ‘ಔದುಂಬರಗಾಥೆ’ಯ ಸಂಪುಟಗಳಾಗಿ ಹೊರಬಂದಿದೆ. ಅದರ ಪುಟಗಳಲ್ಲಿ ಕೇಳಿಸುವುದು ಧಾರವಾಡ, ಶಿರಹಟ್ಟಿ, ಗದಗ, ಮುಂಡರಗಿಗಳ ಸಂತೆಯಲ್ಲಿ ಇಂದಿಗೂ ಆಡುವ ಮಾತು. ಕವಿಯನ್ನು ಊರ ಹೊರಗಿಟ್ಟ ಪ್ರಭುತ್ವ 1947ರಲ್ಲಿ ಗಂಟುಮೂಟೆ ಕಟ್ಟಿತು. ಕವಿ ಬಿಡದೆ ಹಿಡಿದ ನುಡಿ ಇಲ್ಲಿಯೇ ಉಳಿದಿದೆ.